ಒಂದು ಗೇಣು ಮೇಲೆ

"ಗುರುಗಳೇ, ನಾನೊಂದು ಆಟ ಆಡುತ್ತೇನೆ. ನೆಲದಡಿಯಲ್ಲಿ ಊರು ಕಟ್ಟಿ ಜನರನ್ನು ಬದುಕಿಸುವ ಆಟ. ಅವರು ಬಿಟ್ಟ ಉಸಿರು ಕೆಟ್ಟ ಗಾಳಿಯಾಗಿ ತಳದಲ್ಲಿ ನಿಲ್ಲುತ್ತದೆ. ಅದು ಹೆಚ್ಚಾದರೆ ಪರದೆಯ ಮೇಲೆ ಕೆಂಪು ಗುರುತು ಮಿನುಗುತ್ತದೆ. ಅದರ ಕಾಟ ತಾಳಲಾರದೆ ಆ ಗುರುತನ್ನೇ ಅಡಗಿಸಿಟ್ಟಿದ್ದೇನೆ. ಊರು ನಡೆಯುತ್ತಲೇ ಇದೆ. ಇದರಲ್ಲಿ ತಪ್ಪೇನಿದೆ?" ಎಂದು ಶಿಷ್ಯೆ ಕೇಳಿದಳು.

"ನಿನ್ನ ಆಟ ನನಗೆ ತಿಳಿಯದು, ಮಗಳೇ. ಅಂಥ ಊರಿನ ಕತೆಯೊಂದು ಗೊತ್ತು" ಎಂದು ಗುರು ಹೇಳತೊಡಗಿದರು.

ಬಿಸಿಲಿಗೆ ಭೂಮಿಯ ಮೇಲೆ ಬಾಳಲಾಗದೆ ಕೆಲವರು ನೆಲದೊಳಗೆ ಊರು ತೋಡಿಕೊಂಡರು. ಊರಿನ ತಳದಲ್ಲಿ ಒಬ್ಬ ಹೆಂಗಸು ಇದ್ದಳು. ಅಲ್ಲಿ ಗೋಡೆಗೆ ಮೊಣಕಾಲೆತ್ತರದಲ್ಲಿ ಹೊಡೆದ ಗೂಟಕ್ಕೆ ತೂಗಿಬಿಟ್ಟ ದೀಪವನ್ನು ಕಾಯುವುದು ಅವಳ ಕೆಲಸ. ದೀಪ ಆರಿದರೆ ಕೆಟ್ಟ ಗಾಳಿ ಅಷ್ಟೆತ್ತರ ಏರಿತೆಂದು ಅರ್ಥ. ಆಗ ಊರಿನವರೆಲ್ಲ ಒಲೆ ಆರಿಸಿ, ದೊಡ್ಡ ತಿದಿಯನ್ನು ಒತ್ತಿ ಒತ್ತಿ ಆ ಗಾಳಿಯನ್ನು ಹೊರಗೆ ಹಾಕಬೇಕು. ತೋಳು ಬಿದ್ದುಹೋಗುವ ಕೆಲಸ.

ಮೊದಲು ದೀಪ ಅಪರೂಪಕ್ಕೆ ಆರುತ್ತಿತ್ತು. ಜನ ಹೆಚ್ಚಿದರು, ಒಲೆಗಳು ಹೆಚ್ಚಿದವು. ದೀಪ ಮೇಲಿಂದ ಮೇಲೆ ಆರತೊಡಗಿತು. ಅವಳು ಮೆಟ್ಟಿಲೇರಿ ಬರುವುದು ಕಂಡರೆ ಸಾಕು, ಜನ ಗೊಣಗುತ್ತಿದ್ದರು.

"ಬಂದಳಪ್ಪಾ ಮಾರಾಯ್ತಿ! ಎಸರಿಡೋ ಹೊತ್ತಿಗೇ ಇವಳ ದೀಪ ಆರುತ್ತೆ."

"ಊದಿ ಆರಿಸಿಯೇ ಬರ್ತಾಳೋ ಏನೋ!"

ಊರಿನ ಯಜಮಾನ ಮಾತ್ರ ಸಿಡುಕಲಿಲ್ಲ. ಮೆತ್ತಗೆ ಹೇಳಿದ: "ನೋಡವ್ವ, ಮೊಣಕಾಲಿನಿಂದ ಯಾರಾದರೂ ಉಸಿರಾಡ್ತಾರಾ? ಗೂಟ ಒಂದು ಗೇಣು ಮೇಲೆ ಹೊಡಿ."

"ನನ್ನ ಮಗಳು ಇನ್ನೂ ಅಂಬೆಗಾಲಿಡ್ತಾಳೆ, ಯಜಮಾನರೇ."

"ಎತ್ಕೊಂಡಿರು. ಬೆಳೆಯೋದೇ ತಾನೆ ಮಕ್ಕಳ ಕೆಲಸ."

ಎಲ್ಲರೂ ನಕ್ಕರು. ಅವಳೂ ನಕ್ಕಳು.

ಗೂಟ ಒಂದು ಗೇಣು ಮೇಲೇರಿತು. ಜನ ಅವಳನ್ನು ಕರೆದು ಮಾತಾಡಿಸತೊಡಗಿದರು. ಮಗುವಿನ ಕೈಗೆ ಬೆಲ್ಲ ಇಟ್ಟರು. ಅಂಥ ಅಕ್ಕರೆಯನ್ನು ಅವಳು ಕಂಡಿರಲಿಲ್ಲ.

ದೀಪ ಮತ್ತೆ ಆರಿತು. ಅವಳು ಮೆಟ್ಟಿಲ ಬುಡಕ್ಕೆ ಬಂದು ನಿಂತಳು. ಮೇಲೆ ಮಾತು, ನಗು, ಒಗ್ಗರಣೆಯ ಸದ್ದು. ಹತ್ತಲು ಮನಸ್ಸಾಗಲಿಲ್ಲ. ಈ ಸಲ ಯಾರೂ ಹೇಳದೆ ತಾನೇ ಗೂಟ ಕಿತ್ತು ಮೇಲೆ ಹೊಡೆದಳು. ಮುಂದೆ ಅದು ಸೊಂಟದೆತ್ತರವಾಯಿತು, ಎದೆಯೆತ್ತರವಾಯಿತು. ಅವಳು ಮಗುವನ್ನು ಕಂಕುಳಿಂದ ಇಳಿಸುತ್ತಿರಲಿಲ್ಲ. ನಿದ್ದೆ ಬಂದರೆ ಜೋಲಿಯನ್ನು ಎತ್ತರಕ್ಕೆ ಕಟ್ಟಿ ಅದರಲ್ಲಿ ಮಲಗಿಸಿ, ತಾನು ಮೆಟ್ಟಿಲ ಮೇಲೆ ಒರಗುತ್ತಿದ್ದಳು.

ಒಂದು ದಿನ ತೋಳು ಸೋತು ಮಗುವನ್ನು ಚಾಪೆಯ ಮೇಲೆ ಬಿಟ್ಟಳು. ದೀಪಕ್ಕೆ ಎಣ್ಣೆ ತರಲು ಮೇಲೆ ಹೋಗಿ ಬಂದಳು, ಅಷ್ಟೆ. ಮಗು ನಿದ್ದೆ ಹೋದಂತೆ ಬಿದ್ದಿತ್ತು. ಎತ್ತಿಕೊಂಡರೆ ಕತ್ತು ನಿಲ್ಲಲಿಲ್ಲ.

ಅವಳ ಕೂಗಿಗೆ ಜನ ಇಳಿದು ಬಂದರು. ಆದರೆ ಯಾರೂ ನೆಲದ ಮೇಲೆ ಕೂರಲಿಲ್ಲ.

"ಇದು ಗಾಳಿಯಿಂದ ಆದದ್ದಲ್ಲ. ದೀಪ ಉರೀತಾನೇ ಇದೆಯಲ್ಲ" ಎಂದ ಯಜಮಾನ.

ಎಲ್ಲರೂ ದೀಪದ ಕಡೆ ನೋಡಿದರು. ಎಲ್ಲರಿಗಿಂತ ಮೊದಲು ಹೌದೆಂದು ತಲೆಯಾಡಿಸಿದವಳು ಅವಳೇ.

ಗುರು ಇಲ್ಲಿಗೆ ನಿಲ್ಲಿಸಿದರು. ಶಿಷ್ಯೆಗೆ ತಡೆಯಲಾಗಲಿಲ್ಲ. "ಆಮೇಲಾದರೂ ಆ ತಾಯಿ ದೀಪವನ್ನು ಕೆಳಗಿಳಿಸಿದಳೇ, ಗುರುಗಳೇ?" ಎಂದು ಕೇಳಿದಳು.

ಗುರು ಹೇಳಿದರು: "ಇಳಿಸಿದರೆ ಅದು ಆರುತ್ತದೆ, ಮಗಳೇ, ಆರಿದರೆ ಮಗು ಯಾರ ಕೈಯಿಂದ ಹೋಯಿತೆಂದು ಅವಳಿಗೆ ತಿಳಿದುಬಿಡುತ್ತದೆ."