ನೆಲ್ಲಿಗುಡ್ಡಕ್ಕೆ ಹೊರಟವರು

ಬೆನ್ನಿಗೆ ಗುಡ್ಡವೊಂದನ್ನು ಆನಿಸಿಕೊಂಡಿದ್ದ ಕಾಡಿನಲ್ಲಿ ಸುರಗಿ ಎಂಬ ಎಳೆಯ ಜಿಂಕೆ ವಾಸವಾಗಿದ್ದಳು. ಗುಂಡಜ್ಜಿ ಎಂಬ ಆಮೆಯೂ ಶೂಲಪ್ಪನೆಂಬ ಮುಳ್ಳುಹಂದಿಯೂ ಅವಳ ಗೆಳೆಯರು. ಮಳೆಗಾಲ ಮುಗಿದು ನೆಲ್ಲಿ ಬಲಿಯುವ ಹೊತ್ತಿಗೆ ಮೂವರೂ ಗುಡ್ಡವೇರಿ, ನೆತ್ತಿಯಲ್ಲಿದ್ದ ಮರದಡಿ ನೆಲ್ಲಿಕಾಯಿ ತಿಂದು, ಆಚೆ ಬದಿಯ ಹೊಳೆಯನ್ನು ನೋಡಿ ಬರುವುದು ಪ್ರತಿವರ್ಷದ ಪದ್ಧತಿ. ಆ ಪಯಣಕ್ಕೆ ಒಂದೇ ನಿಯಮವಿತ್ತು. ಎಲ್ಲರಿಗಿಂತ ನಿಧಾನವಾಗಿ ನಡೆಯುವವರು ಮುಂದೆ. ಅವರನ್ನು ಯಾರೂ ದಾಟುವಂತಿಲ್ಲ.

ಆ ವರ್ಷ ನರಿಯೂ ಬಂದ. "ನಿಮ್ಮ ಸಂಗಡ ನಾನೂ ಬರಬಾರದೇ?" ಎಂದು ವಿನಯದಿಂದ ಕೇಳಿದವನನ್ನು ಬೇಡವೆನ್ನಲು ಯಾರಿಗೂ ಮನಸ್ಸಾಗಲಿಲ್ಲ. ಆದರೆ ಹಿಂದಿನ ದಿನವೇ ಅವನು ಚಿರತೆಗೆ ಮಾತು ಕೊಟ್ಟಿದ್ದ: "ನಾಳೆ ನಡುಮಧ್ಯಾಹ್ನಕ್ಕೆ ಸೀಳುಬಂಡೆಯ ತಿರುವಿನಲ್ಲಿ ಅಡಗಿರಿ, ಒಡೆಯಾ. ಜಿಂಕೆಯನ್ನು ಒಂಟಿಯಾಗಿ ಕಳಿಸುತ್ತೇನೆ. ತಿಂದು ಉಳಿದದ್ದು ನನಗಿರಲಿ." ಇದಾವುದೂ ಸುರಗಿಗೆ ತಿಳಿಯದು.

ಬೆಳಗ್ಗೆ ಹೊರಟರು. ಮುಂದೆ ಗುಂಡಜ್ಜಿ. ಅವಳು ಒಂದು ಹೆಜ್ಜೆಯಿಟ್ಟು, ಕತ್ತು ಚಾಚಿ ನೋಡಿ, ಮತ್ತೊಂದು ಹೆಜ್ಜೆಯಿಡುತ್ತಿದ್ದಳು. ಹಿಂದೆ ಸುರಗಿಯ ಕಾಲುಗಳು ಚಡಪಡಿಸುತ್ತಿದ್ದವು.

"ನಾವು ತಲುಪುವಷ್ಟರಲ್ಲಿ ಮುಂದಿನ ವರ್ಷದ ನೆಲ್ಲಿ ಬಲಿತಿರುತ್ತದೆ!" ಎಂದ ನರಿ.

"ಬಲಿಯಲಿ ಬಿಡಯ್ಯ. ಎರಡು ವರ್ಷದ್ದನ್ನೂ ಒಟ್ಟಿಗೇ ತಿಂದರಾಯಿತು" ಎಂದ ಶೂಲಪ್ಪ.

ಹೊತ್ತು ಏರಿತು. ನರಿ ಸುರಗಿಯ ಕಿವಿಯ ಬಳಿ ಬಂದು ಮೆಲ್ಲಗೆ ನುಡಿದ: "ಇಂಥ ಕಾಲುಗಳನ್ನು ದೇವರು ಆಮೆಯ ಬೆನ್ನು ನೋಡುತ್ತ ನಿಲ್ಲಲೆಂದು ಕೊಟ್ಟನೇ, ತಂಗೀ? ಆ ತಿರುವು ದಾಟಿದರೆ ದಾರಿ ನೇರ. ನೀನು ಮೊದಲೇ ಓಡಿಹೋಗಿ ಒಳ್ಳೆಯ ಕಾಯಿಗಳನ್ನು ಆರಿಸಿಡು. ಅವರಿಗೂ ಸಂತೋಷವೇ."

ಸುರಗಿಯ ಮನಸ್ಸು ತೂಗಾಡಿತು. "ಅಜ್ಜೀ, ನಾನು ಮುಂದೆ ಹೋಗಲೇ?"

ಗುಂಡಜ್ಜಿ ತಿರುಗಿ ನೋಡಲಿಲ್ಲ. "ಹೋಗಮ್ಮ. ನಿಯಮ ನಾವೇ ಮಾಡಿಕೊಂಡದ್ದು. ನಿನ್ನ ಕಾಲಿಗೆ ಕಟ್ಟಿದ ಹಗ್ಗವಲ್ಲ."

ಸುರಗಿ ದಾರಿಯ ಅಂಚಿಗೆ ಒಂದು ಕಾಲಿಟ್ಟಳು. ಚೂಪುಗಲ್ಲೊಂದು ಗೊರಸಿಗೆ ತಾಗಿತು. ಕಳೆದ ವರ್ಷ ಇದೇ ಗೊರಸಿನ ಸಂದಿನಲ್ಲಿ ಮುಳ್ಳು ಮುರಿದಿತ್ತು. ಅಂದು ಮೂರು ಕಾಲಿನಲ್ಲಿ ಕುಂಟುತ್ತ ಎಲ್ಲರಿಗಿಂತ ಮುಂದೆ ನಡೆದವಳು ಅವಳೇ. ಹಸಿದಿದ್ದರೂ ಶೂಲಪ್ಪ ಗೊಣಗದೆ ಹಿಂದೆ ಬಂದಿದ್ದ. "ನನ್ನ ಜನ್ಮದಲ್ಲಿ ಇಂದೊಂದು ದಿನ ನಾನೂ ಬೇಗ ನಡೆಯುವವಳಾದೆ" ಎಂದು ಗುಂಡಜ್ಜಿ ನಕ್ಕಿದ್ದಳು. ಒಬ್ಬರೂ ಸುರಗಿಯನ್ನು ದಾಟಿರಲಿಲ್ಲ.

ಸುರಗಿ ಕಾಲನ್ನು ಹಿಂದಕ್ಕೆ ಎಳೆದುಕೊಂಡಳು. "ಬೇಡ, ನಾನು ಅಜ್ಜಿಯ ಹಿಂದೆಯೇ ಬರುತ್ತೇನೆ."

ಸೂರ್ಯ ನೆತ್ತಿಗೆ ಬಂದ, ಪಡುವಣಕ್ಕೆ ವಾಲಿದ. ನರಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಚಿರತೆ ಸಿಟ್ಟಾದರೆ ತನ್ನ ಗತಿಯೇನು? "ದಾರಿ ಹೇಗಿದೆಯೋ ನೋಡಿ ಬರುತ್ತೇನೆ" ಎಂದವನೇ ಗುಂಡಜ್ಜಿಯನ್ನು ದಾಟಿ ಓಡಿದ.

ಬಂಡೆಯ ಹಿಂದೆ ಚಿರತೆ ಹಸಿದು, ಬಿಸಿಲಿನಲ್ಲಿ ಬೆಂದು ಕುಳಿತಿತ್ತು. ಮೊದಲ ಕಾಲಸಪ್ಪಳ ಕೇಳಿದ್ದೇ ತಡ, ಎರಗಿತು.

"ಅಯ್ಯೋ ಒಡೆಯಾ, ನಾನು, ನಾನು! ಜಿಂಕೆ ಹಿಂದೆ ಬರುತ್ತಿದ್ದಾಳೆ!"

ಆ ಕೂಗು ಮೂವರಿಗೂ ಸ್ಪಷ್ಟವಾಗಿ ಕೇಳಿಸಿತು. ಸುರಗಿ ಗುಂಡಜ್ಜಿಯ ಪಕ್ಕಕ್ಕೆ ಒತ್ತಿಕೊಂಡು ನಿಂತಳು. ಶೂಲಪ್ಪ ನುಗ್ಗಿ ಮುಂದೆ ಹೋಗಿ, ಇಕ್ಕಟ್ಟಾದ ದಾರಿಗೆ ಅಡ್ಡನಿಂತು, ಮುಳ್ಳುಗಳನ್ನೆಲ್ಲ ನಿಮಿರಿಸಿದ. ಚಿರತೆ ಇಣುಕಿ ನೋಡಿತು. ಮುಳ್ಳಿನ ನೋವನ್ನು ಹಿಂದೊಮ್ಮೆ ಉಂಡಿದ್ದ ಅದು ಮುಂದೆ ಬರಲಿಲ್ಲ. ತನ್ನನ್ನು ದಿನವೆಲ್ಲ ಉಪವಾಸ ಕೆಡವಿದವನ ಮೇಲೆಯೇ ತಿರುಗಿಬಿತ್ತು. ಅರ್ಧ ಬಾಲವನ್ನು ಅದರ ಬಾಯಲ್ಲಿ ಬಿಟ್ಟು ನರಿ ಇಳಿಜಾರಿನಲ್ಲಿ ಉರುಳುತ್ತ ಓಡಿದ. ಚಿರತೆ ಬೆನ್ನಟ್ಟಿತು. ಊಳು ದೂರವಾಯಿತು. ಕೊನೆಗೆ ಹುಲ್ಲಿನಲ್ಲಿ ಗಾಳಿಯ ಸದ್ದು ಮಾತ್ರ ಉಳಿಯಿತು.

"ಹೋದರೇ?" ಎಂದಳು ಸುರಗಿ.

"ಹೋದರು" ಎಂದಳು ಗುಂಡಜ್ಜಿ. ಸುರಗಿ ದೀರ್ಘವಾಗಿ ಉಸಿರುಬಿಟ್ಟಳು.

ನೆತ್ತಿಯ ಮೇಲೆ ನೆಲ್ಲಿಕಾಯಿ ಹುಳಿಯಾಗಿತ್ತು. ಅದನ್ನು ತಿಂದು ಬಂಡೆಯ ಕುಳಿಯ ನೀರು ಕುಡಿದರು, ನೀರು ಸಿಹಿಯಾಗಿತ್ತು. "ನನ್ನ ಮುಳ್ಳುಗಳೂ ನಡುಗುತ್ತಿದ್ದವು. ಚಿರತೆಗೆ ಕಾಣಲಿಲ್ಲ, ಅಷ್ಟೆ" ಎಂದ ಶೂಲಪ್ಪ. ಮೂವರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಇಳಿಯಲು ಎದ್ದಾಗ ಸುರಗಿಯ ಕಾಲುಗಳು ಇನ್ನೂ ಕಂಪಿಸುತ್ತಿದ್ದವು. ಗುಂಡಜ್ಜಿ ಅದನ್ನು ನೋಡಿದಳು. ದಾರಿಯಿಂದ ಪಕ್ಕಕ್ಕೆ ಸರಿದಳು.

"ಇಂದು ನೀನು ಮುಂದೆ ನಡೆ, ಮಗಳೇ."

ಸುರಗಿ ಮುಂದೆ ನಡೆದಳು. ಹೊತ್ತು ಇಳಿಯುತ್ತಿತ್ತು, ಆದರೂ ಯಾರಿಗೂ ಅವಸರವಿರಲಿಲ್ಲ.

ನೀತಿ: ನಿಧಾನವಾಗಿ ನಡೆಯುವವರ ಹೆಜ್ಜೆಗೆ ಹೊಂದಿಕೊಂಡು ನಡೆಯುವ ಗೆಳೆಯರು ಒಬ್ಬರಿಗೊಬ್ಬರು ರಕ್ಷೆಯಾಗುತ್ತಾರೆ; ಗೆಳೆಯರನ್ನು ಬಿಟ್ಟು ಹೋಗು ಎಂದು ಅವಸರಪಡಿಸುವವನ ಮಾತನ್ನು ನಂಬಬಾರದು.