ಅಧ್ಯಕ್ಷರ ಬೋರ್ಡು ಮತ್ತು ಎಪ್ಪತ್ತು ಡಿಗ್ರಿ ಗಾಳಿ

ಅಕ್ಕಿ ಗಿರಣಿ ಮಾಲೀಕರ ಸಂಘದ ಅಧ್ಯಕ್ಷ ತಿಪ್ಪೇಶಪ್ಪನವರಿಗೆ ಹೆಂಡತಿ ಕೊಟ್ಟ ಕಾಫಿಯ ಮೇಲೂ ಅನುಮಾನ. ಅವರ ಟರ್ಬೊ ಕಾರು ಏರು ಹತ್ತುವಾಗ ಏದುಸಿರು ಬಿಡತೊಡಗಿತು. ನೇರ ದಸ್ತಗೀರನ ಗ್ಯಾರೇಜಿಗೆ ಬಂದರು.

"ಹೊರಗೆ ಮೂವತ್ತು ಡಿಗ್ರಿ. ಎಂಜಿನ್ನಿಗೆ ಹೋಗೋ ಗಾಳಿ ಎಪ್ಪತ್ತು ಅಂತ ಕಾರಿಗೆ ಜೋಡಿಸಿದ ನನ್ನ ಫೋನು ತೋರಿಸುತ್ತೆ. ಹೋದ ವಾರ ನೀನು ಹಾಕಿದ, ಆ ಬಿಸಿ ಅಳೆಯೋ ಸೆನ್ಸರ್ ಡುಪ್ಲಿಕೇಟು. ಒಪ್ಪಿಕೊ. ಇಲ್ಲದಿದ್ರೆ ಸಂಘದ ಒಂದು ಲಾರಿಯೂ ಇಲ್ಲಿಗೆ ಬರಲ್ಲ."

ದಸ್ತಗೀರ್ ಕಾರಿನ ಮೂತಿ ನೋಡಿದ. ಟರ್ಬೊ ಒತ್ತಿ ಕಾಯಿಸಿದ ಗಾಳಿ ಎಂಜಿನ್ನಿಗೆ ಹೋಗುವ ಮುನ್ನ ತಣಿಯುವುದು ಮುಂದಿನ ಜಾಲರಿಯ ಹಿಂದೆ, ಹೊರಗಿನ ಗಾಳಿ ಬಡಿದು. ಆ ಜಾಲರಿಗೆ ಅಡ್ಡವಾಗಿ 'ಅಧ್ಯಕ್ಷರು' ಎಂಬ ಹಿತ್ತಾಳೆ ಬೋರ್ಡು, ಬಾಗಿಲಿನ ಹಲಗೆಯಷ್ಟು. ಅದನ್ನು ಪಕ್ಕಕ್ಕೆ ಸರಿಸೋಣ ಎಂದಿದ್ದ ಹಳೆ ಡ್ರೈವರ್ ಈಗ ಎಮ್ಮೆ ಮೇಯಿಸುತ್ತಿದ್ದ.

"ಬಾನೆಟ್ಟಿಗೆ ನೀವೇ ಚೀಟಿ ಅಂಟಿಸಿ ಸಹಿ ಹಾಕಿ ಸರ್. ಒಳಗೆ ಕೈ ಹಾಕಲ್ಲ. ಬೋರ್ಡು ಮಂಕಾಗಿದೆ, ಅದನ್ನಷ್ಟೆ ಪಾಲಿಶಿಗೆ ಬಿಚ್ಚಿಕೊಳ್ತೀನಿ."

ಅಧ್ಯಕ್ಷರು ನಾಲ್ಕು ಚೀಟಿ ಅಂಟಿಸಿದರು. ಇಬ್ಬರೂ ಅದೇ ಏರಿಗೆ ಹೋದರು. ಕಾರು ಸಲೀಸಾಗಿ ಹತ್ತಿತು. ಅಧ್ಯಕ್ಷರ ಫೋನಿನಲ್ಲೇ ಗಾಳಿ ನಲವತ್ತೆರಡು.

"ಸೆನ್ಸರ್ ಬದಲಾಯಿಸಿದ್ದೀಯ."

"ಚೀಟಿ ನೋಡಿ ಸರ್."

ಇಳಿದು ನೋಡಿದರು. ನಾಲ್ಕೂ ಸಹಿ ನೆಟ್ಟಗಿದ್ದವು. ಒಂದನ್ನು ಬೆರಳಿನಿಂದ ಉಜ್ಜಿದರು. ಮೂಸಿಯೂ ನೋಡಿದರು.

"ಹಾಗಾದ್ರೆ ಏನು ಬಿಚ್ಚಿದೆ?"

ದಸ್ತಗೀರ್ ಹಿಂದಿನ ಸೀಟಿನಿಂದ ಬೋರ್ಡು ತೆಗೆದು ಅವರ ಕೈಗಿಟ್ಟ. "ಇದೊಂದೇ ಸರ್. ಎಲ್ಲಿ ಕೂರಿಸಲಿ?"

ಅಧ್ಯಕ್ಷರು ಬೋರ್ಡು ಹೊತ್ತು ಕಾರಿನ ಹಿಂಬದಿಗೆ ನಡೆದರು.

ಈಗ ಬೋರ್ಡು ಕಾರಿನ ಹಿಂದೆ ಇದೆ. ಹೋದವರು ಅಧ್ಯಕ್ಷರೆಂದು ಜನಕ್ಕೆ ಗೊತ್ತಾಗುವುದು ಅವರು ದಾಟಿಹೋದ ಮೇಲೆ. ಯಾರಾದರೂ ಕೈ ಮುಗಿದರೂ ಅದು ಡಿಕ್ಕಿಗೆ.