ಕುಪ್ಪಜ್ಜಿಯ ದೋಣಿ ಮತ್ತು ಮರಕುಟಿಗನ ಕೊಕ್ಕು

ಲೋಕ ಇನ್ನೂ ಹೊಸದಾಗಿದ್ದ ಕಾಲ. ಆಗ ಗಾಳಿ, ಹೊಳೆ, ಹಕ್ಕಿ ಎಲ್ಲರಿಗೂ ಬಾಯಿ ಬಂದಿತ್ತು, ಬುದ್ಧಿ ಮಾತ್ರ ಬರಬೇಕಿತ್ತು. ಅದರಿಂದ ಎಲ್ಲರಿಗಿಂತ ಹೆಚ್ಚು ರೋಸಿಹೋದವಳು ಕುಪ್ಪಜ್ಜಿ.

ಹೊಳೆಯಾಚೆ ಅವಳ ಮಗಳು ದುಗ್ಗಿ ತುಂಬಿದ ಬಸುರಿ. ಹೆರಿಗೆಗೆ ಅಜ್ಜಿ ಅಲ್ಲಿರಬೇಕು. ಮಳೆ ಹಿಡಿದರೆ ಹೊಳೆ ದಾಟುವ ಹಾಗಿಲ್ಲ. ಇರುವ ಒಂದೇ ದೋಣಿ ಬಿಸಿಲಿಗೆ ಬಿರಿದು, ನೀರಿಗೆ ನೆನೆದು ಸೊರಗಿತ್ತು. ಅಜ್ಜಿ ಅದನ್ನು ದಡದಲ್ಲಿ ಕವುಚಿ ಹಾಕಿದಳು. ಮರ ಚೆನ್ನಾಗಿ ಒಣಗಿದ ಮೇಲೆ ಹೊನ್ನೆ ಎಣ್ಣೆ ಕುಡಿಸಬೇಕು, ಆಗಲೇ ಅದು ನೀರು ತಡೆಯುವುದು.

ಕೊಂಬೆಯ ಮೇಲೆ ಉದ್ದ ಕೊಕ್ಕಿನ ಹಕ್ಕಿಯೊಂದು ಸುಮ್ಮನೆ ಕೂತಿತ್ತು. ಅದಕ್ಕಿನ್ನೂ ಹೆಸರೂ ಇರಲಿಲ್ಲ, ಕೆಲಸವೂ ಇರಲಿಲ್ಲ.

"ನಾನು ಎಣ್ಣೆಗೆ ಹೊನ್ನೆಕಾಯಿ ಆರಿಸಿ ತರ್ತೇನೆ. ದೋಣಿ ಒಣಗಿದ್ರೆ ಕರಿ," ಎಂದಳು ಅಜ್ಜಿ ಅದಕ್ಕೆ.

ಅವಳು ಬೇಲಿ ದಾಟಿದ್ದಳೋ ಇಲ್ಲವೋ, "ಅಜ್ಜೀ, ಒಣಗ್ತು!"

ಓಡಿಬಂದು ಮುಟ್ಟಿದರೆ ಹಸಿ ಹಸಿ.

"ನಾನು ಒಣಗಿಸ್ತೇನೆ," ಎಂದು ಗಾಳಿ ಬೀಸಿತು. ದೋಣಿಯ ಮೈತುಂಬ ಧೂಳು. "ನಾನು ತೊಳೆದು ಕೊಡ್ತೇನೆ," ಎಂದು ಹೊಳೆ ಮೇಲೇರಿ ಬಂದು ಮತ್ತೆ ಪೂರ್ತಿ ಒದ್ದೆ ಮಾಡಿತು.

"ನಿಮ್ಮ ಉಪಕಾರ ಸಾಕು ಮಾರಾಯ್ರೇ!" ಅಜ್ಜಿ ಹಣೆ ಚಚ್ಚಿಕೊಂಡಳು. ಮತ್ತೆ ಹೋಗಿ ಹೊನ್ನೆಕಾಯಿ ತಂದು, ಜಜ್ಜಿ ಎಣ್ಣೆ ತೆಗೆದಳು.

"ಅಜ್ಜೀ, ಒಣಗ್ತು!" ಹಕ್ಕಿ ಮತ್ತೆ ಕೂಗಿತು. ಮೇಲೆಲ್ಲ ಒಣಗಿದಂತೆಯೇ ಇತ್ತು. ಆಕಾಶದಲ್ಲಿ ಮೋಡ ಬೇರೆ. ಅಜ್ಜಿ ಗಡಿಬಿಡಿಯಲ್ಲಿ ಎಣ್ಣೆ ಉಜ್ಜಿ ಹೊರಟೇಬಿಟ್ಟಳು.

ನಡುಹೊಳೆಯಲ್ಲಿ ನೋಡಿದರೆ ಎಣ್ಣೆ ಮರದೊಳಗೆ ಇಳಿದೇ ಇಲ್ಲ, ಹೊಳೆಯ ಮೇಲೆ ತೇಲಿ ಹೋಗುತ್ತಿದೆ! ದೋಣಿಯೊಳಗೆ ನೀರು ಜಿನುಗಿತು. ಆಚೆ ದಡದಿಂದ ದುಗ್ಗಿ "ಅಮ್ಮಾ!" ಎಂದು ನರಳುವುದು ಕೇಳುತ್ತಿತ್ತು. ಅಜ್ಜಿ ಕರಟದಲ್ಲಿ ನೀರು ಚೆಲ್ಲುತ್ತ, ಅಳುತ್ತ, ಹೇಗೋ ಹಿಂದಕ್ಕೆ ಬಂದಳು.

"ಏನು ನೋಡಿ ಒಣಗ್ತು ಅಂದೆಯೋ?"

"ಮೇಲೆ ನೋಡ್ದೆ ಅಜ್ಜಿ."

"ಮೇಲೆ ನೋಡಿದ್ರೆ ಒಳಗಿಂದು ಗೊತ್ತಾಗ್ತದಾ? ಆ ಕೊಕ್ಕು ಯಾಕೆ ಇರೂದು? ಬಡಿ! ದಬ್ ಅಂದ್ರೆ ಹಸಿ, ಟಕ್ ಅಂದ್ರೆ ಒಣಗಿದ್ದು. ನಾನು ನಿಲ್ಸು ಅನ್ನೋ ತನಕ ಬಡೀತಾ ಇರು!"

ಅಜ್ಜಿಯ ಸಿಟ್ಟು ಕಂಡು ಹೊಳೆ ಹಿಂದೆ ಸರಿಯಿತು. ಗಾಳಿ ಧೂಳೆಬ್ಬಿಸದೆ ಬೀಸಿತು. ಬಿಸಿಲು ಮೋಡ ಸರಿಸಿಕೊಂಡು ಬಂತು. ಹಕ್ಕಿ ಬಡಿಯಿತು. ದಬ್. ಬಡಿಯಿತು. ದಬ್. ಬಡಿದು ಬಡಿದು ಕೊನೆಗೊಮ್ಮೆ, ಟಕ್!

ಅಜ್ಜಿ ಎಣ್ಣೆ ಉಜ್ಜಿದಳು. ಬಾಯಾರಿದ್ದ ಮರ ಗಟಗಟನೆ ಕುಡಿಯಿತು. ಎಣ್ಣೆ ಆರಿದ್ದೇ ತಡ, ಅಜ್ಜಿ ತಿರುಗಿಯೂ ನೋಡದೆ ಹುಟ್ಟು ಹಾಕಿದಳು. ಒಂದು ಹನಿ ನೀರೂ ಒಳಗೆ ಬರಲಿಲ್ಲ. ಅವಳು ಆಚೆ ದಡ ಹತ್ತುವಾಗ ಮಳೆ ಶುರುವಾಯಿತು. ಸ್ವಲ್ಪ ಹೊತ್ತಿಗೆ ಮೊಮ್ಮಗಳು ಅವಳ ಮಡಿಲಲ್ಲಿದ್ದಳು. ಆ ಖುಷಿಯಲ್ಲಿ ಹಕ್ಕಿಯ ನೆನಪು ಯಾರಿಗೆ?

ಇವತ್ತಿಗೂ ನೋಡಿ, ಮರಕುಟಿಗ ಬೊಡ್ಡೆಗೆ ಅಂಟಿಕೊಂಡು ಬಡಿಯುತ್ತಾನೆ, ತಲೆ ಓರೆ ಮಾಡಿ ಕಿವಿಗೊಡುತ್ತಾನೆ, ಮುಂದಿನ ಮರಕ್ಕೆ ಹಾರಿ ಮತ್ತೆ ಬಡಿಯುತ್ತಾನೆ. ಪಾಪ, ನಿಲ್ಲಿಸು ಎಂದು ಅವನಿಗೆ ಇನ್ನೂ ಯಾರೂ ಹೇಳಿಲ್ಲ.